ಪದಕಕ್ಕೆ ಕಟ್ಟಿಹಾಕಿದ ಕುದುರೆ

ಬೆಂಗಳೂರಿನ ಹೊರವಲಯದ ಸವಾರಿ ಶಾಲೆಯೊಂದರಲ್ಲಿ ಕಲಿಯುತ್ತಿರುವ ಹದಿನೈದು ವರ್ಷದ ಹುಡುಗಿಯನ್ನು ಆಕೆಯ ತಂದೆತಾಯಿ ಆಪ್ತಸಲಹೆಗೆಂದು ನನ್ನಲ್ಲಿಗೆ ಕರೆತಂದಾಗ ಕಿರಿಯರ ರಾಷ್ಟ್ರೀಯ ಚಾಂಪಿಯನ್‌ಶಿಪ್ ಹತ್ತಿರವಾಗಿತ್ತು. ಗುರುತು ಸಿಗಬಾರದೆಂದು ಇಲ್ಲಿ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಆಕೆಯ ವಿಭಾಗ ಡ್ರೆಸ್ಸಾಜ್. 60 ಮೀಟರ್ ಉದ್ದ, 20 ಮೀಟರ್ ಅಗಲದ ಅಂಕಣದ ಅಂಚಿನಲ್ಲಿ ನಿಲ್ಲಿಸಿರುವ ಅಕ್ಷರಗಳನ್ನು ಗುರುತಾಗಿಟ್ಟುಕೊಂಡು, ಮೊದಲೇ ಗೊತ್ತುಮಾಡಿದ ನಡೆಗಳನ್ನು ಕುದುರೆಯಿಂದ ಮಾಡಿಸಬೇಕು. ಒಂದೊಂದು ನಡೆಗೂ ತೀರ್ಪುಗಾರರು 0ಯಿಂದ 10ರವರೆಗೆ ಅಂಕ ಕೊಡುತ್ತಾರೆ. ಅಭ್ಯಾಸದಲ್ಲಿ ಸರಾಗವಾಗಿ ಸವಾರಿ ಮಾಡುವ ಹುಡುಗಿಗೆ ಸ್ಪರ್ಧೆಯಲ್ಲಿ ‘ಎ’ ಅಕ್ಷರದ ಬಳಿ ಒಳಗೆ ಬಂದೊಡನೆ ಮುಂದಿನ ನಡೆ ಮರೆತುಹೋಗುತ್ತಿತ್ತು, ಕುದುರೆ ತಲೆ ಕೊಡವಲು ಶುರುಮಾಡುತ್ತಿತ್ತು. ಇತ್ತೀಚೆಗೆ ರಾತ್ರಿ ನಿದ್ದೆಯೂ ಕೆಟ್ಟಿತ್ತು, ಬೆಳಗಿನ ತಿಂಡಿಯೂ ಸೇರುತ್ತಿರಲಿಲ್ಲ.

ತಂದೆ ಮೊದಲು ಮಾತಾಡಿದರು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಅನುಷ್ ಅಗರ್ವಾಲಾ, ಹೃದಯ್ ಛೇಡಾ, ದಿವ್ಯಕೃತಿ ಸಿಂಗ್, ಸುದೀಪ್ತಿ ಹಜೇಲಾ ಅವರ ತಂಡ ಡ್ರೆಸ್ಸಾಜ್‌ನಲ್ಲಿ ಚಿನ್ನ ಗೆದ್ದದ್ದನ್ನು ಟಿವಿಯಲ್ಲಿ ನೋಡಿದ ದಿನವೇ ಮಗಳ ದಾರಿ ಇದೇ ಎಂದು ಅವರಿಗೆ ಅನ್ನಿಸಿತಂತೆ. 1982ರ ನಂತರ ಏಷ್ಯನ್ ಕ್ರೀಡಾಕೂಟದ ಕುದುರೆ ಸವಾರಿಯಲ್ಲಿ ಭಾರತಕ್ಕೆ ಸಿಕ್ಕ ಮೊದಲ ಚಿನ್ನ ಅದು; ಆ ಉತ್ಸಾಹದಲ್ಲಿ ತಪ್ಪೇನೂ ಇಲ್ಲ. ಆದರೆ ಆ ತಂಡದ ಸವಾರರು ವರ್ಷಗಟ್ಟಲೆ ಯುರೋಪಿನಲ್ಲಿದ್ದು, ಈ ಆಟಕ್ಕೆಂದೇ ಬೆಳೆಸಿದ ಕುದುರೆಗಳ ಮೇಲೆ ಪಳಗಿದವರು. ಈ ಹುಡುಗಿಯ ಕುದುರೆಯೋ ರೇಸ್ ಬಿಟ್ಟು ಬಂದ, ಥರೋಬ್ರೆಡ್ ಎಂಬ ಓಟದ ತಳಿಯದು. ಓಡುವುದನ್ನೇ ಕಲಿತ ಪ್ರಾಣಿಗೆ ಸಾವಧಾನದಿಂದ ಹೆಜ್ಜೆ ಹಾಕುವುದನ್ನು ಕಲಿಸುವ ಕೆಲಸವನ್ನು ಆಕೆ ಎಷ್ಟು ತಾಳ್ಮೆಯಿಂದ ಮಾಡಿದ್ದಳೆಂಬುದು ಯಾವ ಅಂಕಪಟ್ಟಿಯಲ್ಲೂ ಕಾಣುವಂಥದ್ದಲ್ಲ.

ಹುಡುಗಿಯೊಬ್ಬಳೇ ಇದ್ದಾಗ, ಅಂಕಣದೊಳಗೆ ಹೇಗೆ ಬರುತ್ತೀಯೆಂದು ತೋರಿಸಲು ಹೇಳಿದೆ. ಕುರ್ಚಿಯ ತುದಿಯಲ್ಲಿ ನೆಟ್ಟಗೆ ಕುಳಿತು, ದುಪಟ್ಟಾದ ಎರಡು ಕೊನೆಗಳನ್ನು ಲಗಾಮಿನಂತೆ ಹಿಡಿದಳು. ಹಿಡಿತಕ್ಕೆ ಬೆರಳ ಗೆಣ್ಣುಗಳು ಬಿಳಿಚಿಕೊಂಡವು, ಮೊಣಕೈ ಸೆಟೆಯಿತು, ಉಸಿರು ನಿಂತೇಹೋಯಿತು. ಯಾಕೆಂದು ಕೇಳಿದರೆ, “ನನಗೆ ಭಯ ಆಗಿದೆ ಅಂತ ಅವನಿಗೆ ಗೊತ್ತಾಗಬಾರದು ಮೇಡಂ” ಎಂದಳು.

ಭಯವನ್ನು ಕುದುರೆಯಿಂದ ಬಚ್ಚಿಡುವ ಈ ಪ್ರಯತ್ನವೇ ಅದನ್ನು ಕುದುರೆಗೆ ಮುಟ್ಟಿಸುತ್ತಿತ್ತು. ಸ್ವೀಡನ್ನಿನ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಕುದುರೆಯೊಡನೆ ಒಂದೇ ದಾರಿಯಲ್ಲಿ ಹಲವು ಬಾರಿ ಸಾಗಿದವರಿಗೆ ಕೊನೆಯ ಬಾರಿ ಮಾತ್ರ ಪಕ್ಕದಲ್ಲೇ ಕೊಡೆ ಬಿಚ್ಚಲಾಗುತ್ತದೆಂದು ಹೇಳಲಾಗಿತ್ತು. ಕೊಡೆಯನ್ನು ಬಿಚ್ಚಲೇ ಇಲ್ಲ. ಆದರೂ ಆ ಬಾರಿ ಮನುಷ್ಯರ ಎದೆಬಡಿತದ ಜೊತೆಗೆ ಕುದುರೆಗಳ ಎದೆಬಡಿತವೂ ಏರಿತ್ತು. ಇದನ್ನು ಆಕೆಗೆ ಹೇಳಿದ್ದು ಹೆದರಿಸಲಿಕ್ಕಲ್ಲ. ಭಯ ಇರಲಿ, ಉಸಿರು ಮಾತ್ರ ನಿಲ್ಲದಿರಲಿ ಎಂಬುದು ಆಕೆಗೆ ಮನದಟ್ಟಾಗಬೇಕಿತ್ತು.

ಮುಂದಿನ ಭೇಟಿಯಲ್ಲಿ ಭಯದ ಮೂಲ ತಿಳಿಯಿತು. ಕುದುರೆಯನ್ನು ಲೀಸ್‌ಗೆ ಪಡೆಯಲಾಗಿತ್ತು. ಪದಕ ಬಂದರೆ ಲೀಸ್ ಮುಂದುವರಿಸೋಣ, ಇಲ್ಲವಾದರೆ ಬೇರೆ ಕುದುರೆ ನೋಡೋಣ ಎಂದು ತಂದೆ ಊಟಕ್ಕೆ ಕುಳಿತಾಗ ಒಮ್ಮೆ ಆಡಿದ್ದರು. ಅವರ ಮಟ್ಟಿಗೆ ಅದು ಖರ್ಚಿನ ಲೆಕ್ಕಾಚಾರವಷ್ಟೇ. ಮಗಳ ಕಿವಿಗೆ ಮಾತ್ರ, ತನ್ನ ಒಂದು ತಪ್ಪು ಹೆಜ್ಜೆಗೆ ಗೆಳೆಯನನ್ನು ಕಳೆದುಕೊಳ್ಳಬೇಕಾಗುತ್ತದೆ ಎಂದೇ ಅದು ಕೇಳಿಸಿತ್ತು. ಇಂಥ ಹೊರೆ ಹೊತ್ತ ಮಗುವಿಗೆ ಏಕಾಗ್ರತೆಯ ಪಾಠ ಹೇಳಿ ಫಲವಿಲ್ಲವೆಂದು ನಾನು ಬಲವಾಗಿ ನಂಬುತ್ತೇನೆ.

ಆದ್ದರಿಂದ ಮೊದಲ ಸಲಹೆ ಕೊಟ್ಟದ್ದು ತಂದೆತಾಯಿಗೆ. ಕುದುರೆಯನ್ನು ಉಳಿಸಿಕೊಳ್ಳುವುದೋ ಬಿಡುವುದೋ ಎಂಬುದನ್ನು ಸ್ಪರ್ಧೆಗೆ ಮುಂಚೆಯೇ, ಫಲಿತಾಂಶಕ್ಕೆ ಗಂಟುಹಾಕದೆ ತೀರ್ಮಾನಿಸಿ ಮಗಳಿಗೆ ಸ್ಪಷ್ಟವಾಗಿ ತಿಳಿಸಿ; ಬಿಡುವುದೇ ಆದರೂ ಅದಕ್ಕೆ ಹಣವೇ ಕಾರಣವೆಂದು ಹೇಳಿ, ಅದು ಆಕೆಯ ತಪ್ಪಿಗೆ ಕೊಟ್ಟ ಶಿಕ್ಷೆಯಂತೆ ಕಾಣಬಾರದು ಎಂದೆ. ಸ್ಪರ್ಧೆಯ ದಿನ ಅಂಕಪಟ್ಟಿಯನ್ನು ಮನೆಯವರು ಕೈಗೆತ್ತಿಕೊಳ್ಳಬಾರದು. ಮರುದಿನ ಕೋಚ್ ಜೊತೆ ಕುಳಿತು ಹುಡುಗಿಯೇ ಅದನ್ನು ಓದಲಿ ಎಂದೂ ತಿಳಿಸಿದೆ. ತಲೆ ಕೊಡವುವುದು ಭಯದಿಂದಲೇ ಎಂದು ನಾವೇ ತೀರ್ಮಾನಿಸುವಂತಿಲ್ಲ. ಹಲ್ಲು, ಬೆನ್ನು, ಜೀನು ಇವುಗಳಲ್ಲಿ ಯಾವುದರಿಂದಾದರೂ ನೋವಾಗುತ್ತಿದೆಯೇ ಎಂದು ಪಶುವೈದ್ಯರಲ್ಲಿ ಪರೀಕ್ಷಿಸಲು ಹೇಳಿದೆ. ಹಲ್ಲಿನ ಅಂಚು ಚೂಪಾಗಿದ್ದದ್ದು ಆಗಲೇ ಗೊತ್ತಾದದ್ದು.

ಹುಡುಗಿಗೆ ಕೊಟ್ಟ ಅಭ್ಯಾಸಗಳು ಸರಳವಾದವು. ಮೈ ಬಿಸಿ ಮಾಡುವ ಸವಾರಿಯಲ್ಲಿ ಮೆಲ್ಲಗೆ ಏನನ್ನಾದರೂ ಗುನುಗಬೇಕು, ಗುನುಗುವಾಗ ಉಸಿರು ಕಟ್ಟಲಾಗದು. ಸ್ಪರ್ಧೆಯಲ್ಲಿ ಧ್ವನಿ ಬಳಸಿದರೆ ಅಂಕ ಕಡಿತವಾಗುವುದರಿಂದ ಅಂಕಣದೊಳಗೆ ಪ್ರತಿ ಮೂಲೆಯಲ್ಲೂ ನಿಡಿದಾಗಿ ಉಸಿರು ಬಿಟ್ಟರೆ ಸಾಕು. ನಡೆಗಳ ಕ್ರಮವನ್ನು ಮನೆಯ ತಾರಸಿಯ ಮೇಲೆ ಕಾಲ್ನಡಿಗೆಯಲ್ಲಿ ರೂಢಿಸಿಕೊಳ್ಳಬೇಕು. ಕುದುರೆಯ ಮೇಲೆ ಅದನ್ನೇ ಪದೇಪದೇ ಮಾಡಿಸಿದರೆ ಅದು ಸವಾರಳ ಸೂಚನೆಗೆ ಕಾಯದೆ ತಾನೇ ಮುಂದಿನ ನಡೆಗೆ ಹೋಗಿಬಿಡುತ್ತದೆ. ಇವೆಲ್ಲಕ್ಕಿಂತ ಹೆಚ್ಚು ನೆರವಾದದ್ದು ಬೇಕೆಂದೇ ದಾರಿ ತಪ್ಪುವ ಅಭ್ಯಾಸ. ಆಕೆ ತಪ್ಪು ತಿರುವು ತೆಗೆದುಕೊಳ್ಳುತ್ತಾಳೆ, ಸ್ಪರ್ಧೆಯಲ್ಲಿನಂತೆ ಕೋಚ್ ಗಂಟೆ ಬಾರಿಸುತ್ತಾರೆ, ಆಕೆ ಸಾವರಿಸಿಕೊಂಡು ತಪ್ಪಿದ ಜಾಗದಿಂದ ಮುಂದುವರಿಯುತ್ತಾಳೆ. ಮೊದಲ ತಪ್ಪಿಗೆ ಕೊಂಚ ಅಂಕ ಹೋಗುತ್ತದೆಯೇ ಹೊರತು ಸ್ಪರ್ಧೆ ಮುಗಿದುಹೋಗುವುದಿಲ್ಲ ಎಂಬುದನ್ನು ಆಕೆಯ ಮೈ ಒಪ್ಪಿಕೊಂಡದ್ದು ಈ ಅಭ್ಯಾಸದಿಂದ. ನಿದ್ದೆ, ಊಟ ಸುಧಾರಿಸದಿದ್ದರೆ ಮನೋವೈದ್ಯರನ್ನು ಕಾಣಬೇಕೆಂದು ಹೇಳಿದ್ದೆ. ಅದರ ಅಗತ್ಯ ಬೀಳಲಿಲ್ಲ.

ಲೀಸನ್ನು ಹತ್ತನೆಯ ತರಗತಿ ಮುಗಿಯುವವರೆಗೆ ವಿಸ್ತರಿಸಿ ತಂದೆ ಸಹಿ ಹಾಕಿದ್ದು ಚಾಂಪಿಯನ್‌ಶಿಪ್‌ಗೆ ಮುಂಚೆಯೇ. ಹುಡುಗಿಗೆ ಪದಕ ಬರಲಿಲ್ಲ. ಒಮ್ಮೆ ದಾರಿ ತಪ್ಪಿದರೂ ಗಂಟೆ ಕೇಳಿ ಸಾವರಿಸಿಕೊಂಡಳು. ನಂತರದ ನಡೆಗಳಿಗೆ ಆಕೆಗೆ ಹಿಂದೆಂದಿಗಿಂತ ಉತ್ತಮ ಅಂಕಗಳು ಬಂದವು. ಅಂಕಪಟ್ಟಿಯನ್ನು ಮಾತ್ರ ತಂದೆ ಅಂದು ಸಂಜೆಯೇ ಕಾರಿನಲ್ಲಿ ಬಿಡಿಸಿ ಓದಿದರಂತೆ. ಅವರೊಂದಿಗಿನ ಭೇಟಿಗಳು ಇನ್ನೂ ನಡೆದಿವೆ.