ಬಾಡಿಗೆ ಕಡಿಮೆಯಾದರೆ ಬಡಾವಣೆ ಅಗ್ಗವೇ?

ಪ್ರಶ್ನೆ: ವರ್ಗಾವಣೆಯಿಂದಾಗಿ ಪತ್ನಿ ಮತ್ತು ಶಾಲೆಗೆ ಹೋಗುವ ಇಬ್ಬರು ಮಕ್ಕಳೊಂದಿಗೆ ಪರಿಚಯವಿಲ್ಲದ ನಗರಕ್ಕೆ ಹೋಗಬೇಕಾಗಿದೆ. ಕಚೇರಿಯ ಸಮೀಪ ಬಾಡಿಗೆ ದುಬಾರಿ, ಹೊರವಲಯದಲ್ಲಿ ಕಡಿಮೆ. ಯಾವುದನ್ನು ಆರಿಸಿಕೊಳ್ಳಲಿ?

ಉತ್ತರ: ಬಾಡಿಗೆಯೊಂದನ್ನೇ ನೋಡಿ ನಿರ್ಧರಿಸಬೇಡಿ. ಆದಾಯದ ಶೇ 30ಕ್ಕಿಂತ ಹೆಚ್ಚು ಹಣ ಮನೆಗೆ ಹೋಗಬಾರದು ಎಂಬ ಅಳತೆಗೋಲು ಅನೇಕ ದೇಶಗಳಲ್ಲಿ ಬಳಕೆಯಲ್ಲಿದೆಯಾದರೂ ಅದು ಓಡಾಟದ ಖರ್ಚನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಮನೆ ಮತ್ತು ಪ್ರಯಾಣ ಎರಡೂ ಸೇರಿ ಶೇ 45ರ ಒಳಗಿರಲಿ ಎಂಬ ಇನ್ನೊಂದು ಅಳತೆಯೇ ನಿಮ್ಮಂಥ ಕುಟುಂಬಕ್ಕೆ ಹೆಚ್ಚು ಉಪಯುಕ್ತವೆಂದು ನನ್ನ ಅಭಿಪ್ರಾಯ. ಹೊರವಲಯದ ಮನೆಗಾಗಿ ಎರಡನೆಯ ವಾಹನ ಕೊಳ್ಳಬೇಕಾಗಿ ಬಂದರೆ, ಬಾಡಿಗೆಯಲ್ಲಿ ಉಳಿದದ್ದು ಇಂಧನ, ವಿಮೆ, ದುರಸ್ತಿಗಳಲ್ಲಿ ಕರಗಿಹೋಗಬಹುದು. ಸಮಯವನ್ನೂ ಎಣಿಸಿ: ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ ಎಂದಾದರೆ, 22 ಕೆಲಸದ ದಿನಗಳಿರುವ ತಿಂಗಳಲ್ಲಿ 44 ಗಂಟೆಗಳು ಮಕ್ಕಳಿಂದ ದೂರ, ರಸ್ತೆಯಲ್ಲೇ ಕಳೆಯುತ್ತವೆ.

ಮಕ್ಕಳಿಗೆ ಶಾಲೆಯಲ್ಲಿ ಸೀಟು ಸಿಗುವುದೇ ಎಂಬುದನ್ನು ಮುಂಗಡ ಕೊಡುವ ಮೊದಲೇ ವಿಚಾರಿಸಿ. ಸಾಧ್ಯವಾದರೆ ಮೊದಲ ಕೆಲವು ತಿಂಗಳು ಅಲ್ಪಾವಧಿಯ ಕರಾರಿನ ಮನೆಯಲ್ಲಿದ್ದು, ಮನಸ್ಸಿಗೆ ಬಂದ ಬಡಾವಣೆಯಿಂದ ಕಚೇರಿಗೆ ಬೆಳಗಿನ ದಟ್ಟಣೆಯಲ್ಲೊಮ್ಮೆ ಪ್ರಯಾಣಿಸಿ, ರಾತ್ರಿಯಲ್ಲೊಮ್ಮೆ ಅದರ ಬೀದಿಗಳಲ್ಲಿ ನಡೆದು, ನೀರಿನ ಪೂರೈಕೆಯ ಬಗ್ಗೆ ಮನೆಯ ಮಾಲೀಕರನ್ನಲ್ಲದೆ ನೆರೆಹೊರೆಯವರನ್ನೂ ಕೇಳಿ ತಿಳಿದುಕೊಳ್ಳಿ. ನಿಮ್ಮ ಪತ್ನಿಯವರ ಉದ್ಯೋಗದ ಬಗ್ಗೆ ನೀವು ಬರೆದಿಲ್ಲ. ಅವರೂ ಕೆಲಸ ಹುಡುಕುವುದಾದರೆ, ನಿಮ್ಮ ಕಚೇರಿಯೊಂದನ್ನೇ ಕೇಂದ್ರವಾಗಿಟ್ಟುಕೊಂಡು ಮನೆ ನೋಡುವುದು ಅವರಿಗೆ ಅನ್ಯಾಯವಾದೀತು. ಇಬ್ಬರಿಗೂ ಬಸ್ಸು, ರೈಲುಗಳ ಸಂಪರ್ಕವಿರುವ ನಡುವಿನ ಬಡಾವಣೆಯನ್ನು ಮೊದಲು ಪರಿಶೀಲಿಸಿ.