75 ವರ್ಷದ ಷರತ್ತು ಯಾರಿಗೆ?

ಪ್ರಶ್ನೆ: ನಾವು ಕಲಘಟಗಿ ತಾಲ್ಲೂಕಿನ ಸಿದ್ದಿಗಳು. ಅಜ್ಜನ ಕಾಲದಿಂದ ಎರಡು ಎಕರೆ ಅರಣ್ಯ ಜಮೀನಿನಲ್ಲಿ ಭತ್ತ, ಗೋವಿನಜೋಳ ಬೆಳೆಯುತ್ತೇವೆ. ಅರಣ್ಯ ಹಕ್ಕಿಗೆ ಹಿಂದೆ ಹಾಕಿದ್ದ ಅರ್ಜಿಗೆ ‘75 ವರ್ಷದ ದಾಖಲೆ ಇಲ್ಲ’ ಎಂಬ ಹಿಂಬರಹ ಬಂದಿದೆ. ಮುಂದೇನು ಮಾಡಬೇಕು?

ಉತ್ತರ: 2005ಕ್ಕೂ ಹಿಂದೆ 75 ವರ್ಷ ಕಾಡಿನಲ್ಲಿ ವಾಸವಿದ್ದುದನ್ನು ತೋರಿಸಬೇಕೆಂಬ ಅರಣ್ಯ ಹಕ್ಕು ಕಾಯ್ದೆಯ ಆ ಷರತ್ತು ಪರಿಶಿಷ್ಟ ಪಂಗಡದವರಿಗಿಲ್ಲ. 2005ರ ಡಿಸೆಂಬರ್ 13ಕ್ಕೂ ಮೊದಲಿನಿಂದ ಜಮೀನು ನಿಮ್ಮ ಸ್ವಾಧೀನದಲ್ಲಿದೆ, ಬದುಕು ಕಾಡನ್ನೇ ನೆಚ್ಚಿದೆ ಎಂದು ತೋರಿಸಿದರಾಯಿತು. ತೊಡಕು ಬೇರೆ ಕಡೆಯಿದೆ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲೇ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರೆ ಧಾರವಾಡ, ಬೆಳಗಾವಿ ಜಿಲ್ಲೆಯವರು ಸೇರಿದ್ದು 2020ರಲ್ಲಿ. ನಿಮ್ಮ ಅರ್ಜಿ ಅದಕ್ಕೂ ಹಿಂದಿನದಾದರೆ ‘ಇತರೆ ಪಾರಂಪರಿಕ ಅರಣ್ಯವಾಸಿ’ (ಪರಿಶಿಷ್ಟ ಪಂಗಡಕ್ಕೆ ಸೇರದ ಕಾಡುವಾಸಿ) ಎಂದು ಪರಿಗಣಿಸಿರುತ್ತಾರೆ; 75 ವರ್ಷದ ಷರತ್ತು ಇರುವುದು ಅವರಿಗೆ. ನಾಡಕಚೇರಿಯಲ್ಲಿ ಎಸ್‌ಟಿ ಪ್ರಮಾಣಪತ್ರ ಮಾಡಿಸಿ. ತಿರಸ್ಕರಿಸಿದ್ದು ಗ್ರಾಮಸಭೆಯಾದರೆ ಅರಣ್ಯ ಹಕ್ಕು ಅರ್ಜಿ ನೋಡುವ ಉಪವಿಭಾಗ ಸಮಿತಿಗೆ, ಉಪವಿಭಾಗ ಸಮಿತಿಯಾದರೆ ಜಿಲ್ಲಾ ಸಮಿತಿಗೆ 60 ದಿನದೊಳಗೆ ಮೇಲ್ಮನವಿ ಹಾಕಿ. ಅವಧಿ ಮೀರಿದ್ದರೆ ಹೊಸ ಪ್ರಮಾಣಪತ್ರ ಲಗತ್ತಿಸಿ, ಮರುಪರಿಶೀಲನೆ ಕೋರಿ ಗ್ರಾಮಸಭೆಗೆ ಬರೆದುಕೊಡಿ. ಸ್ವೀಕೃತಿ ಪಡೆಯದೆ ಎದ್ದು ಬರಬೇಡಿ.

ಸಾಕ್ಷ್ಯ ಕನಿಷ್ಠ ಎರಡು ಬೇಕು. ಒತ್ತುವರಿ ಎಂದು ಅರಣ್ಯ ಇಲಾಖೆ ಹಿಂದೆ ಕೇಸು ಹಾಕಿದ್ದರೆ, ದಂಡ ಕಟ್ಟಿಸಿಕೊಂಡಿದ್ದರೆ ಆ ಕಾಗದ ಹುಡುಕಿ. ಇಲಾಖೆಯೇ ದಿನಾಂಕ ಹಾಕಿಕೊಟ್ಟ ಸಾಕ್ಷಿ ಅದು! ಊರ ಹಿರಿಯರ ಲಿಖಿತ ಹೇಳಿಕೆಯೂ ನಡೆಯುತ್ತದೆ, ಆದರೆ ಹೇಳಿಕೆ ಕೊಡುವವರು ಅರ್ಜಿದಾರರಾಗಿರಬಾರದು. ‘ಬಹಳ ವರ್ಷದಿಂದ ಉಳುತ್ತಾರೆ’ ಎಂಬ ಒಂದೇ ಸಾಲು ಸಾಲದು; ಬದು, ಬಾವಿ, ನೆಟ್ಟ ಮಾವು, ಚಕ್ಕುಬಂದಿ ಎಲ್ಲ ಬರೆಸಿ. ಉಪಗ್ರಹ ಚಿತ್ರದಲ್ಲಿ ಹೊಲ ಕಾಣುವುದಿಲ್ಲ ಎಂಬ ಒಂದೇ ಕಾರಣಕ್ಕೆ ಅರ್ಜಿ ತಳ್ಳಿಹಾಕುವಂತಿಲ್ಲ. ನಿಯಮದ ಪ್ರಕಾರ ಅದು ಬೇರೆ ಸಾಕ್ಷ್ಯಕ್ಕೆ ಪೂರಕ ಮಾತ್ರ.

ಗ್ರಾಮಸಭೆ ನಿಮ್ಮ ಅರ್ಜಿಯ ಠರಾವು ಮಾಡುವ ದಿನ ಕೋರಂ (ಇರಲೇಬೇಕಾದ ಕನಿಷ್ಠ ಹಾಜರಿ) ನೋಡಿಕೊಳ್ಳಿ: ಗ್ರಾಮಸಭೆಯ ಸದಸ್ಯರಲ್ಲಿ ಅರ್ಧದಷ್ಟು ಜನ, ಹಾಜರಿದ್ದವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು, ಅರ್ಜಿದಾರರಲ್ಲಿ ಅರ್ಧ. ಸಭೆ ಮುಗಿದ ಮೇಲೆ ಮನೆಮನೆಗೆ ಪುಸ್ತಕ ಕಳಿಸಿ ಸಹಿ ತುಂಬಿಸಿದ ಠರಾವು ಮೇಲಿನ ಸಮಿತಿಯಲ್ಲಿ ಬಿದ್ದುಹೋಗುತ್ತದೆ. ವಿಚಾರಣೆ ಮುಗಿಯುವತನಕ ನಿಮ್ಮನ್ನು ಒಕ್ಕಲೆಬ್ಬಿಸುವಂತಿಲ್ಲ.

ಪ್ರಶ್ನೆ: ಕಪ್ಪತಗುಡ್ಡದ ಬುಡದಲ್ಲಿರುವ ನಮ್ಮ ಲಂಬಾಣಿ ತಾಂಡಾಕ್ಕೂ ಇದು ಅನ್ವಯವೇ?

ಉತ್ತರ: ತೆಲಂಗಾಣದಲ್ಲಿ ಲಂಬಾಡಿಗಳು ಪರಿಶಿಷ್ಟ ಪಂಗಡ, ಕರ್ನಾಟಕದಲ್ಲಿ ಲಂಬಾಣಿಗಳು ಪರಿಶಿಷ್ಟ ಜಾತಿ. ಹಾಗಾಗಿ ನಿಮಗೆ 75 ವರ್ಷದ ಷರತ್ತು ತಪ್ಪದು. ಆದರೆ ಅದು ಕಾಡಿನಲ್ಲಿ ವಾಸ, ಅವಲಂಬನೆಗೆ ಸಂಬಂಧಿಸಿದ್ದು. ಅದೇ ತುಂಡು ಹೊಲವನ್ನು 1930ರಿಂದ (2005ಕ್ಕೆ 75 ವರ್ಷ ಹಿಂದಿನಿಂದ) ಉತ್ತಿರಬೇಕೆಂದಲ್ಲ. ಅರ್ಜಿಗಳು ಹೆಚ್ಚಾಗಿ ಮುಗ್ಗರಿಸುವುದು ಈ ಎರಡನ್ನು ಬೆರೆಸಿದಾಗ. ಗೆಜೆಟಿಯರ್, ಜನಗಣತಿ, ಸರ್ವೆ ದಾಖಲೆಗಳನ್ನು ಒಪ್ಪುತ್ತಾರೆ. ಗದಗ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ, ಆದ್ದರಿಂದ ಹಳೆಯ ಕಾಗದಗಳನ್ನು ಧಾರವಾಡ ಜಿಲ್ಲೆಯ ಹೆಸರಿನಲ್ಲಿ ಹುಡುಕಿಸಿ.