ಸ್ಟ್ರೈಕ್ ನಡೆದ 1987ರ ಸೀಸನ್‌ನಲ್ಲಿ ವಾಷಿಂಗ್ಟನ್ ಗೆದ್ದಿದ್ದು ನಿಜವಾದ ಗೆಲುವಾ?

ನೀವು ಕೇಳಿರೋದು, 1987ರಲ್ಲಿ ಎನ್‌ಎಫ್‌ಎಲ್ (ಅಮೆರಿಕನ್ ಫುಟ್ಬಾಲ್ ಲೀಗ್) ಆಟಗಾರರು ಸ್ಟ್ರೈಕ್ ಮಾಡ್ದಾಗ ಬದಲಿ ಆಟಗಾರರನ್ನ ಕರ್ಕೊಂಡ್ಬಂದು ಮ್ಯಾಚ್ ಆಡ್ಸಿದ್ರಲ್ಲ, ಅದೇ ವರ್ಷ ವಾಷಿಂಗ್ಟನ್ ಟೀಮು ಸೂಪರ್ ಬೌಲ್, ಅಂದ್ರೆ ಆ ಲೀಗಿನ ಫೈನಲ್ ಗೆದ್ತು, ಅದನ್ನ ನಿಜವಾದ ಗೆಲುವು ಅನ್ಬೋದಾ ಅಂತ. ಖಂಡಿತ ಅನ್ಬೋದು. ಆದ್ರೆ ಅದ್ರಲ್ಲಿ ಯಾರ್ಯಾರ ಪಾಲು ಎಷ್ಟಿದೆ ಅಂತ ಸರಿಯಾಗಿ ನೋಡ್ಬೇಕು, ನಾನು ವರ್ಜೀನಿಯಾದಲ್ಲಿದ್ದಾಗ ಪಕ್ಕದ ಮನೆ ಅಜ್ಜ ಒಬ್ರು ಆ ವರ್ಷದ ಮ್ಯಾಚ್‌ಗಳ ಟೇಪ್ ಹಾಕಿ ಹಾಕಿ ತೋರ್ಸೋರು, ಅಲ್ಲಿಂದ ಈ ಸೀಸನ್ ನನ್ನ ತಲೇಲಿ ಕೂತ್ಬಿಟ್ಟಿದೆ.

ಆಟಗಾರರ ಮುಖ್ಯ ಬೇಡಿಕೆ ಫ್ರೀ ಏಜೆನ್ಸಿ, ಅಂದ್ರೆ ಕಾಂಟ್ರ್ಯಾಕ್ಟ್ ಮುಗಿದ್ಮೇಲೆ ಇಷ್ಟ ಬಂದ ಟೀಮಿಗೆ ಹೋಗೋ ಹಕ್ಕು. ಕಾಂಟ್ರ್ಯಾಕ್ಟ್ ಮುಗಿದ್ರೂ ಬೇರೆ ಟೀಮಿಗೆ ಹೋಗೋ ಹಾಗಿರ್ಲಿಲ್ಲ, ಯಾಕಂದ್ರೆ ಕರ್ಕೊಳೋ ಟೀಮು ಹಳೇ ಟೀಮಿಗೆ ಪರಿಹಾರ ಕೊಡ್ಬೇಕಿತ್ತು, ಹಾಗಾಗಿ ಯಾರೂ ಕೈ ಹಾಕ್ತಿರ್ಲಿಲ್ಲ. ಯೂನಿಯನ್ ಲೀಡರ್ ಜೀನ್ ಅಪ್‌ಶಾ, ಅವ್ರೂ ಹಿಂದೆ ದೊಡ್ಡ ಆಟಗಾರರೇ. ಎರಡು ವಾರ ಆಡಿ ಸೆಪ್ಟೆಂಬರ್ 22ಕ್ಕೆ ಸ್ಟ್ರೈಕ್ ಶುರು. 1982ರ ಸ್ಟ್ರೈಕ್‌ನಲ್ಲಿ 57 ದಿನ ಆಟವೇ ನಿಂತು ಸೀಸನ್ 9 ಮ್ಯಾಚಿಗೆ ಇಳಿದಿತ್ತು, ಈ ಸಲ ಓನರ್‌ಗಳು ಹಾಗಾಗೋಕೆ ಬಿಡ್ಲಿಲ್ಲ, ಒಂದು ವಾರದ ಮ್ಯಾಚ್ ಕ್ಯಾನ್ಸಲ್ ಮಾಡಿ ಮುಂದಿನ ವಾರದಿಂದ ಸಿಕ್ಕಿದವ್ರನ್ನ ಇಟ್ಕೊಂಡು ಆಡ್ಸಿದ್ರು, ಆ ಮ್ಯಾಚ್‌ಗಳನ್ನ ಗೆಲುವು-ಸೋಲಿನ ಪಟ್ಟಿಗೂ ಸೇರ್ಸಿದ್ರು.

ವಾಷಿಂಗ್ಟನ್ ಬೇರೆ ಟೀಮುಗಳಿಗಿಂತ ಭಿನ್ನ ಆಗಿದ್ದು ಇಲ್ಲೇ. ಬೇರೆ ಕಡೆ ದೊಡ್ಡ ದೊಡ್ಡ ಹೆಸ್ರುಗಳೇ ಯೂನಿಯನ್ ಬಿಟ್ಟು ಒಳಗೆ ಹೋದ್ರು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜೋ ಮೊಂಟಾನಾ, ಡಲ್ಲಸ್‌ನಲ್ಲಿ ಡ್ಯಾನಿ ವೈಟ್, ಟೋನಿ ಡಾರ್ಸೆಟ್, ರ್‍ಯಾಂಡಿ ವೈಟ್. ವಾಷಿಂಗ್ಟನ್‌ನಿಂದ ಒಬ್ಬನೂ ಹೋಗ್ಲಿಲ್ಲ, ಒಬ್ಬನೂ. ಕೋಚ್ ಜೋ ಗಿಬ್ಸ್ ಕೂಡ ಏನ್ ಮಾಡಿದ್ರೂ ಒಟ್ಟಿಗೇ ಮಾಡಿ ಅಂದಿದ್ರು. ನಮ್ಮಪ್ಪ ಮಿಲ್ಲಲ್ಲಿ ಕೆಲಸ ಮಾಡ್ತಿದ್ರು, ಒಂದು ಮುಷ್ಕರದಲ್ಲಿ ಗೇಟ್ ದಾಟಿ ಒಳಗೆ ಹೋದ ಗೆಳೆಯನ ಜೊತೆ ವರ್ಷಗಟ್ಲೆ ಮಾತಾಡ್ಲಿಲ್ಲ, ಅದಕ್ಕೇ ಈ ಒಗ್ಗಟ್ಟು ಎಷ್ಟು ಕಷ್ಟದ್ದು ಅಂತ ನನಗೆ ಗೊತ್ತು.

ಆದ್ರೆ ಯಾರೂ ಹೋಗ್ದೇ ಇದ್ದಿದ್ರಿಂದ ಆ ಮೂರು ಮ್ಯಾಚ್ ಪೂರ್ತಿ ಹೊರಗಿನವ್ರ ಕೈಗೆ ಬಂತು. ಮೊದಲನೇದು ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಮೇಲೆ 28-21, ಆಂಥೊನಿ ಅಲೆನ್ ಅನ್ನೋ ರಿಸೀವರ್ (ಎಸೆದ ಚೆಂಡು ಹಿಡಿಯೋ ಆಟಗಾರ) ಒಂದೇ ದಿನ ಚೆಂಡು ಹಿಡಿದು 255 ಯಾರ್ಡ್ ಗಳಿಸ್ದ, ಅದು ಟೀಮಿನ ದಾಖಲೆ. ಆಮೇಲೆ ಜೈಂಟ್ಸ್ ಮೇಲೆ 38-12. ಮೂರನೇದು ಡಲ್ಲಸ್‌ನಲ್ಲಿ, ಸೋಮವಾರ ರಾತ್ರಿ, ಅಷ್ಟೊತ್ತಿಗೆ ಸ್ಟ್ರೈಕ್ ಮುಗಿದಿತ್ತು ಆದ್ರೆ ಆ ವಾರದ ಗಡುವು ದಾಟಿತ್ತು ಅಂತ ಓನರ್‌ಗಳು ವಾಪಸ್ ಬಂದವ್ರನ್ನ ಆಡ್ಸಲಿಲ್ಲ. ಡಲ್ಲಸ್ ಕಡೆ ಆ ಅಸಲಿ ಸ್ಟಾರ್‌ಗಳು, ಇವ್ರ ಕಡೆ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡ್ಸೋ ಆಟಗಾರ) ಎಡ್ ರಬರ್ಟ್ ಪೆಟ್ಟು ತಿಂದು ಹೊರಗೆ ಹೋದ್ಮೇಲೆ ಬಂದವ್ನು ಟೋನಿ ರಾಬಿನ್ಸನ್, ಡ್ರಗ್ಸ್ ಕೇಸಲ್ಲಿ ಶಿಕ್ಷೆಯಾಗಿ ಕೆಲಸಕ್ಕೆ ಅಂತ ಜೈಲಿಂದ ಹೊರಗೆ ಬಿಟ್ಟಿದ್ರು ಅವನನ್ನ! ಟೇಪಲ್ಲಿ ಈ ಮ್ಯಾಚ್ ಬಂದಾಗೆಲ್ಲ ಅಜ್ಜ ಕುರ್ಚಿ ಮುಂದಕ್ಕೆ ಎಳ್ಕೊಳೋರು. 13-7, ವಾಷಿಂಗ್ಟನ್ ಗೆಲುವು.

ಈಗ ಲೆಕ್ಕ ನೋಡಿ. ವಾಷಿಂಗ್ಟನ್ ಕೊನೆಗೆ 11-4 (11 ಗೆಲುವು, 4 ಸೋಲು), ಅಂದ್ರೆ ಅಸಲಿ ಆಟಗಾರರು ಗೆದ್ದಿದ್ದು 8-4 ಅಷ್ಟೇ. ಬದಲಿ ಆಟಗಾರರ ಎದುರು ಸೋತ ಆ ಮೂರೂ ಟೀಮು ವಾಷಿಂಗ್ಟನ್‌ನ ಗುಂಪಿನವೇ, ಡಲ್ಲಸ್ಸೂ ಕಾರ್ಡಿನಲ್ಸೂ 7-8ಕ್ಕೆ ಮುಗ್ಸಿದ್ವು. ಆ ಮೂರು ಮ್ಯಾಚ್ ಉಲ್ಟಾ ಆಗಿದ್ರೆ ವಾಷಿಂಗ್ಟನ್, ಡಲ್ಲಸ್, ಕಾರ್ಡಿನಲ್ಸ್ ಮೂರೂ 8-7ರಲ್ಲಿ ಸಮಸಮ ನಿಂತಿರೋವು, ಗುಂಪು ಗೆಲ್ಲೋದೇ ಅನುಮಾನ ಆಗ್ತಿತ್ತು. ಅದಕ್ಕೆ ಸಾಕ್ಷಿ ಮಿನೆಸೋಟ. ಅವ್ರ ಅಸಲಿ ಟೀಮೂ 8-4ಏ, ಆದ್ರೆ ಬದಲಿ ಆಟಗಾರರು ಮೂರಕ್ಕೆ ಮೂರೂ ಸೋತು 8-7 ಆಗಿ ಹೇಗೋ ಪ್ಲೇಆಫ್‌ಗೆ ತೂರ್ಕೊಂಡ್ರು. ಅದೇ ಎರಡು ಟೀಮು ಸೂಪರ್ ಬೌಲ್‌ಗೆ ಹೋಗೋ ಮ್ಯಾಚಲ್ಲಿ ಎದುರುಬದುರಾದ್ವು, ವಾಷಿಂಗ್ಟನ್ 17-10, ಕೊನೇ ನಿಮಿಷದಲ್ಲಿ ಗೋಲ್ ಲೈನ್ ಹತ್ರ ಮಿನೆಸೋಟದ ಡ್ಯಾರಿನ್ ನೆಲ್ಸನ್ ಕೈಗೆ ಬಂದ ಚೆಂಡು ಜಾರಿಹೋಯ್ತು. ಅಷ್ಟು ಸಣ್ಣ ಅಂತರ ನೋಡಿ.

ಸೂಪರ್ ಬೌಲ್ ಬಗ್ಗೆ ಹೆಚ್ಚು ಹೇಳ್ಬೇಕಿಲ್ಲ, ಡೆನ್ವರ್ ಮೇಲೆ 42-10, ಎರಡನೇ ಕ್ವಾರ್ಟರ್ ಒಂದ್ರಲ್ಲೇ 35 ಪಾಯಿಂಟ್, ಡಗ್ ವಿಲಿಯಮ್ಸ್ ಸೂಪರ್ ಬೌಲ್ ಗೆದ್ದ ಮೊದಲ ಕಪ್ಪು ಕ್ವಾರ್ಟರ್‌ಬ್ಯಾಕ್.

ಸ್ಟ್ರೈಕ್ ಮಾಡಿದವ್ರಿಗೆ 24 ದಿನದಲ್ಲಿ ಏನೂ ಸಿಗ್ಲಿಲ್ಲ, ಬರಿಗೈಲಿ ವಾಪಸ್ ಬಂದು ಕೋರ್ಟಿಗೆ ಹೋದ್ರು, ಫ್ರೀ ಏಜೆನ್ಸಿ ಬಂದಿದ್ದು 1993ಕ್ಕೆ. ಬದಲಿ ಆಟಗಾರರ ಕಥೆ ಇನ್ನೂ ಸಂಕಟ, ಮೂರು ಮ್ಯಾಚ್ ಗೆದ್ದುಕೊಟ್ಟು ಸ್ಕ್ಯಾಬ್ (ಮುಷ್ಕರ ಮುರಿದವ್ರು) ಅನ್ನಿಸ್ಕೊಂಡು ಮನೆಗೆ ಹೋದ್ರು, ಸೂಪರ್ ಬೌಲ್ ಗೆದ್ದ ಟೀಮಿನವ್ರಿಗೆ ಕೊಡೋ ಚಾಂಪಿಯನ್ ಉಂಗುರ ಅವ್ರಿಗೆ ಕೊಡ್ಲಿಲ್ಲ. ನನಗೆ ಸ್ಟ್ರೈಕ್ ಮಾಡಿದವ್ರ ಮೇಲೇ ಒಲವು ಜಾಸ್ತಿ, ಆದ್ರೂ ಆ ಉಂಗುರ ಇವ್ರಿಗೆ ಸೇರ್ಬೇಕಿತ್ತು ಅಂತ ಯಾವಾಗ್ಲೂ ಅನ್ಸೋದು. 2018ರಲ್ಲಿ, 30 ವರ್ಷ ಕಳೆದ್ಮೇಲೆ, ಟೀಮು ಅವ್ರನ್ನ ಕರೆದು ಉಂಗುರ ಕೊಡ್ತು.